ಮಸ್ಕಿಯ ಬಂಡೆ ಮತ್ತು ವೃದ್ಧ ಕೈದಿ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಊರಿಗೆ ಹೊಂದಿಕೊಂಡ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯ ಕೆಲವು ಸಾಲುಗಳಿವೆ. 1915ರಲ್ಲಿ ಈ ಭಾಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಸಿ. ಬೀಡನ್ ಎಂಬ ಇಂಜಿನಿಯರ್ ಆ ಸಾಲುಗಳನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅವನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ ಇದ್ದವು. ಮಸ್ಕಿಯಲ್ಲಿ ಮೊದಲ ಬಾರಿಗೆ 'ಅಶೋಕ' ಎಂಬ ಹೆಸರೇ ಸಿಕ್ಕಿತು. ಇಷ್ಟನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ.

ಆದರೆ ಆ ಬಂಡೆ ಹೇಳುವ ಮಾತಿನತ್ತ ನಮ್ಮ ಗಮನ ಹೋಗುವುದು ಕಡಿಮೆ. ಧರ್ಮದ ಫಲವನ್ನು ದೊಡ್ಡವರು ಮಾತ್ರವೇ ಪಡೆಯಬಲ್ಲರೆಂದು ತಿಳಿಯಬೇಡಿ, ಪ್ರಯತ್ನಪಟ್ಟರೆ ಸಣ್ಣವನೂ ಅದನ್ನು ಪಡೆಯಬಲ್ಲ ಎಂಬುದು ಅದರ ಸಾರ. ಮನುಷ್ಯ ಬದಲಾಗಬಲ್ಲ ಎಂಬ ನಂಬಿಕೆ ಆ ಮಾತಿನ ಹಿಂದಿದೆ.

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಅಲ್ಲಿಗೆ ಹೋಗಿದ್ದಾಗ ಸಿಂಧನೂರಿನ ಕೆಲವು ಕಾಲೇಜು ವಿದ್ಯಾರ್ಥಿಗಳು ನಮ್ಮೊಡನೆ ಗುಡ್ಡ ಹತ್ತಿದ್ದರು. ಶಾಸನದ ಅರ್ಥ ಹೇಳಿದಾಗ ಒಬ್ಬ ಹುಡುಗ ಕೇಳಿದ: "ಹಂಗಾದ್ರ ಜೇಲಿನಾಗ ಇದ್ದಾವ್ನೂ ಬದಲಾಗಬಹುದಲ್ರೀ? ವಯಸ್ಸಾಗಿ, ನಡಿಯಾಕ ಬರದಂಗ ಆದಾವ್ನ್ನ ಯಾಕ ಇಟ್ಕೊಂಡು ಕೂಡಬೇಕು?" ಪಕ್ಕದಲ್ಲಿದ್ದ ಹುಡುಗಿ ಕೂಡಲೇ ಹೇಳಿದಳು: "ಅವ್ನು ಕೊಂದಾವ್ರಿಗೆ ವಯಸ್ಸಾಗಾಕ ಬಿಟ್ಟಾನೇನು?"

ಇಬ್ಬರ ಮಾತೂ ಸುಳ್ಳಲ್ಲ. ವಯಸ್ಸಾದ, ರೋಗದಿಂದ ನಿಶ್ಶಕ್ತರಾದ ಕೈದಿಗಳನ್ನು ಅವಧಿಗೆ ಮುನ್ನ ಬಿಡಬೇಕೆ ಎಂಬ ಈ ಪ್ರಶ್ನೆ ಇಂದು ನಿನ್ನೆಯದಲ್ಲ. ನಮ್ಮ ನಾಡಿನ ನೆರೆಹೊರೆಯ ಬಂಡೆಗಳಲ್ಲೇ ಅದಕ್ಕೆ 2,200 ವರ್ಷಗಳ ಇತಿಹಾಸವಿದೆ.

ಸೆರೆಮನೆಗೆ ಹೋದ ಅಧಿಕಾರಿ

ಮಸ್ಕಿಯ ಶಾಸನ ಚಿಕ್ಕದು. ಅದರಲ್ಲಿ ಕೈದಿಗಳ ಮಾತಿಲ್ಲ. ಆ ಮಾತು ಇರುವುದು ಅಶೋಕನ ಐದನೆಯ ಬಂಡೆ ಶಾಸನದಲ್ಲಿ. ಅದನ್ನು ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಪಕ್ಕದ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಹದಿನಾಲ್ಕೂ ಬಂಡೆ ಶಾಸನಗಳ ಪ್ರತಿ ಇದೆ.

ಪಟ್ಟಾಭಿಷೇಕವಾಗಿ 13 ವರ್ಷಗಳಾದಾಗ ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿಗಳನ್ನು ನೇಮಿಸಿದೆ ಎಂದು ಅಶೋಕ ಅಲ್ಲಿ ಹೇಳುತ್ತಾನೆ. ಅವರ ಕೆಲಸಗಳ ಪಟ್ಟಿಯಲ್ಲಿ ಕೈದಿಗಳ ವಿಚಾರವೂ ಇದೆ. ಸೆರೆಯಲ್ಲಿರುವವರಿಗೆ ನೆರವು ನೀಡುವುದು, ಅವರ ಸಂಕಲೆ ಕಳಚುವುದು, ತಕ್ಕವರನ್ನು ಬಿಡುಗಡೆ ಮಾಡುವುದು ಈ ಅಧಿಕಾರಿಗಳ ಹೊಣೆ. ತಕ್ಕವರು ಯಾರು? ಶಾಸನ ಮೂರು ಕಾರಣಗಳನ್ನು ಕೊಡುತ್ತದೆ. ಒಂದು, ಅವನನ್ನು ನಂಬಿದ ಮಕ್ಕಳುಮರಿ ಇರುವುದು. ಎರಡನೆಯದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ; ಪೀಡೆಗೆ ಒಳಗಾದವನು ಎಂದು ಕೆಲವರು, ಬೇರೆಯವರ ಪ್ರಚೋದನೆಯಿಂದ ತಪ್ಪು ಮಾಡಿದವನು ಎಂದು ಕೆಲವರು ಓದುತ್ತಾರೆ. ಮೂರನೆಯದು 'ಮಹಾಲಕ', ಅಂದರೆ ವಯಸ್ಸಾದವನು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವೃದ್ಧರನ್ನೆಲ್ಲ ಬಿಟ್ಟುಬಿಡಿ ಎಂದು ಅಶೋಕ ಹೇಳಲಿಲ್ಲ. ಒಬ್ಬೊಬ್ಬ ಕೈದಿಯನ್ನೂ ನೋಡಿ, 'ಇವನ ಸ್ಥಿತಿ ಏನು?' ಎಂದು ವಿಚಾರಿಸುವ ಕೆಲಸವನ್ನು ಒಂದು ಹುದ್ದೆಗೆ ಒಪ್ಪಿಸಿದ. ದಯೆಯನ್ನು ದೊರೆಯ ಮನಸ್ಸಿಗೆ ಮಾತ್ರ ಬಿಡದೆ ಆಡಳಿತದ ದಿನನಿತ್ಯದ ಕರ್ತವ್ಯವಾಗಿ ಮಾಡಿದ.

ಮೈಸೂರಿನಲ್ಲಿ ಸಿಕ್ಕ ಇನ್ನೊಂದು ಉತ್ತರ

ಎರಡನೆಯ ಆಧಾರವೂ ಕನ್ನಡ ನಾಡಿನಲ್ಲೇ ಬೆಳಕಿಗೆ ಬಂದದ್ದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ, 1909ರಲ್ಲಿ ಮುದ್ರಿಸಿದರು. ಅವರ ಇಂಗ್ಲಿಷ್ ಅನುವಾದ ಬೆಂಗಳೂರಿನಲ್ಲಿ ಅಚ್ಚಾದದ್ದು 1915ರಲ್ಲಿ, ಮಸ್ಕಿಯಲ್ಲಿ ಅಶೋಕನ ಹೆಸರು ಸಿಕ್ಕ ವರ್ಷವೇ. ಗ್ರಂಥದ ಈಗಿನ ರೂಪ ಮೌರ್ಯರ ನಂತರದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರಾದರೂ ಪ್ರಾಚೀನ ಆಡಳಿತವನ್ನು ತಿಳಿಯಲು ಅದು ಮುಖ್ಯ ಆಧಾರ.

ಅದರ ಎರಡನೆಯ ಅಧಿಕರಣದಲ್ಲಿ, ನಗರದ ಆಡಳಿತವನ್ನು ವಿವರಿಸುವ ಭಾಗದಲ್ಲಿ, ಸೆರೆಮನೆಯ ಮಾತು ಬರುತ್ತದೆ. ಬಾಲಕರು, ವೃದ್ಧರು, ರೋಗಿಗಳು, ಅನಾಥರು ಈ ನಾಲ್ಕು ಬಗೆಯ ಕೈದಿಗಳನ್ನು ರಾಜನ ಜನ್ಮನಕ್ಷತ್ರದ ದಿನ ಮತ್ತು ಹುಣ್ಣಿಮೆಗಳಂದು ಬಿಡಬೇಕು ಎಂಬುದು ಅಲ್ಲಿನ ವಿಧಿ. ಹೊಸ ನಾಡು ಗೆದ್ದಾಗ, ಯುವರಾಜನ ಅಭಿಷೇಕವಾದಾಗ, ರಾಜನಿಗೆ ಮಗ ಹುಟ್ಟಿದಾಗ ಕೈದಿಗಳನ್ನು ಬಿಡುವ ಮಾತೂ ಇದೆ.

ಕಠಿಣ ದಂಡನೀತಿಗೆ ಹೆಸರಾದ ಕೌಟಿಲ್ಯನೂ ವೃದ್ಧ ಕೈದಿಯನ್ನು ಬೇರೆಯಾಗಿ ನೋಡಿದ್ದಾನೆ. ಆದರೆ ದಾರಿ ಬೇರೆ. ಕೌಟಿಲ್ಯನ ಬಿಡುಗಡೆ ಪಂಚಾಂಗವನ್ನು ನೋಡಿ ನಡೆಯುತ್ತದೆ. ಅಶೋಕನ ಮಹಾಮಾತ್ರರದು ಕೈದಿಯ ಮುಖ ನೋಡಿ. ಅಶೋಕನೂ ಪಂಚಾಂಗವನ್ನು ಬಿಟ್ಟಿರಲಿಲ್ಲ ಎನ್ನಬೇಕು. ಪಟ್ಟಾಭಿಷೇಕವಾಗಿ 26 ವರ್ಷಗಳಲ್ಲಿ 25 ಬಾರಿ ಕೈದಿಗಳನ್ನು ಬಿಡಿಸಿದ್ದೇನೆ ಎಂದು ತನ್ನ ಐದನೆಯ ಸ್ತಂಭ ಶಾಸನದಲ್ಲಿ ಬರೆಸಿದ್ದಾನೆ. ಎಂದರೆ ಎರಡೂ ದಾರಿಗಳು ಒಟ್ಟಿಗೆ ನಡೆದಿದ್ದವು.

ನಾವು ಯಾವ ದಾರಿಯಲ್ಲಿದ್ದೇವೆ?

ಈಗ ನಮ್ಮ ಕಾಲಕ್ಕೆ ಬರೋಣ. ಸಂವಿಧಾನದ ಪ್ರಕಾರ ಕಾರಾಗೃಹಗಳು ರಾಜ್ಯಗಳ ವಿಷಯ. 161ನೇ ವಿಧಿಯಂತೆ ರಾಜ್ಯಪಾಲರು, ಮಂತ್ರಿಮಂಡಲದ ಸಲಹೆಯ ಮೇಲೆ, ಶಿಕ್ಷೆಯನ್ನು ತಗ್ಗಿಸಬಹುದು, ಕ್ಷಮಿಸಲೂಬಹುದು. ಇದಲ್ಲದೆ ಕಾನೂನಿನ ಮೂಲಕ ಶಿಕ್ಷೆ ಕಡಿತ ಮಾಡುವ ಅಧಿಕಾರ ಸರ್ಕಾರಕ್ಕೂ ಇದೆ. ಜೀವಾವಧಿ ಶಿಕ್ಷೆ ಎಂದರೆ 14 ವರ್ಷ ಎಂದು ಬಹಳ ಜನ ತಿಳಿದಿದ್ದಾರೆ. ಇದು ತಪ್ಪು. ಜೀವಾವಧಿ ಎಂದರೆ ಜೀವ ಇರುವವರೆಗೆ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. 14 ಎಂಬ ಸಂಖ್ಯೆ ಬಂದದ್ದು 1978ರ ತಿದ್ದುಪಡಿಯಿಂದ. ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಗಿದ್ದರೆ ಕನಿಷ್ಠ 14 ವರ್ಷ ಸೆರೆಯಲ್ಲಿ ಕಳೆಯದೆ ಸರ್ಕಾರ ಅವನನ್ನು ಬಿಡುವಂತಿಲ್ಲ. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ನಿಯಮ ಮುಂದುವರಿದಿದೆ. ಆದರೆ ಈ ಮಿತಿ ರಾಜ್ಯಪಾಲರ ಸಂವಿಧಾನದತ್ತ ಅಧಿಕಾರವನ್ನು ಕಟ್ಟಿಹಾಕದು ಎಂದು 1980ರಲ್ಲಿ ಮಾರುರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಅಂದರೆ ಬಾಗಿಲು ಇದೆ. ಅದು ತೆರೆಯುವುದು ಯಾವಾಗ? ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಾಚರಣೆ ಹತ್ತಿರವಾದಾಗ 'ಸನ್ನಡತೆಯ ಆಧಾರದ ಮೇಲೆ ಕೈದಿಗಳ ಬಿಡುಗಡೆ' ಎಂಬ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಸ್ವಾತಂತ್ರ್ಯದ 75ನೇ ವರ್ಷದ ನೆನಪಿಗೆ 2022ರಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ವಿಶೇಷ ಸೂಚನೆ ಕಳಿಸಿತು. ಶಿಕ್ಷೆಯ ಅರ್ಧ ಭಾಗ ಕಳೆದ 60 ವರ್ಷ ದಾಟಿದ ಪುರುಷರು, 50 ದಾಟಿದ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು, ಶೇ. 70ಕ್ಕಿಂತ ಹೆಚ್ಚು ಅಂಗವೈಕಲ್ಯ ಉಳ್ಳವರು, ವಾಸಿಯಾಗದ ಕಾಯಿಲೆಯವರು ಆ ಪಟ್ಟಿಯಲ್ಲಿದ್ದರು. ಬಿಡುಗಡೆ ಮೂರು ಕಂತುಗಳಲ್ಲಿ: 2022ರ ಆಗಸ್ಟ್ 15, 2023ರ ಜನವರಿ 26, 2023ರ ಆಗಸ್ಟ್ 15. ಅತ್ಯಾಚಾರ, ಭಯೋತ್ಪಾದನೆಯಂಥ ಅಪರಾಧಗಳನ್ನು ಹೊರಗಿಟ್ಟಂತೆ ಜೀವಾವಧಿ ಶಿಕ್ಷೆಯವರನ್ನೂ ಹೊರಗಿಡಲಾಗಿತ್ತು.

ಇದು ಒಳ್ಳೆಯ ಹೆಜ್ಜೆಯೇ. ಆದರೂ ವಿಚಾರ ಮಾಡಿ. ಸೆರೆಯಲ್ಲೇ ಮುಪ್ಪಾಗುವ ಸಂಭವ ಹೆಚ್ಚಾಗಿರುವುದು ಜೀವಾವಧಿ ಕೈದಿಗೆ. ಅವನಿಗೇ ಈ ಪಟ್ಟಿಯಲ್ಲಿ ಜಾಗವಿರಲಿಲ್ಲ. ಇನ್ನು, ಸೆಪ್ಟೆಂಬರ್‌ನಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವನು ಮುಂದಿನ ಹಬ್ಬದವರೆಗೆ ಕಾಯಬೇಕು. ರೋಗಕ್ಕೆ ಪಂಚಾಂಗ ಗೊತ್ತಿಲ್ಲ.

ಕಾಯುವುದರ ಬೆಲೆ ಏನೆಂಬುದಕ್ಕೆ ಇತ್ತೀಚಿನ ಒಂದು ಉದಾಹರಣೆ ನೆನೆಯಬಹುದು. ಹಿಂದೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಬಂಧಿಸಲಾಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ಅವರ ಕೈ ನಡುಗುತ್ತಿತ್ತು. ನೀರು ಕುಡಿಯಲು ನಳಿಕೆಯುಳ್ಳ ಲೋಟಕ್ಕಾಗಿ ಅವರು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಜಾಮೀನಿನ ವಿಚಾರ ಬಾಂಬೆ ಹೈಕೋರ್ಟಿನಲ್ಲಿದ್ದಾಗಲೇ, 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ ಅವರು ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಶಿಕ್ಷೆಯಾದ ಕೈದಿಯಲ್ಲ, ವಿಚಾರಣಾಧೀನ ಕೈದಿ. ಆರೋಪ ನಿಜವೋ ಸುಳ್ಳೋ ನಿರ್ಧಾರವಾಗುವ ಮೊದಲೇ ಜೀವ ಹೋಯಿತು. ರೋಗಿಗಳಿಗೆ, ಅಶಕ್ತರಿಗೆ ಜಾಮೀನು ನೀಡಬಹುದೆಂದು ಸಾಮಾನ್ಯ ಕಾನೂನು ಹೇಳುತ್ತದೆ. ಅವರ ಮೇಲೆ ಹಾಕಿದ್ದ ವಿಶೇಷ ಕಾಯ್ದೆಯಲ್ಲಿ ಜಾಮೀನು ಬಹಳ ಕಷ್ಟ.

ಹುಡುಗಿಯ ಪ್ರಶ್ನೆ

ಇಷ್ಟೆಲ್ಲ ಹೇಳಿದ ಮೇಲೂ ಗುಡ್ಡದ ಮೇಲೆ ಆ ಹುಡುಗಿ ಕೇಳಿದ ಪ್ರಶ್ನೆ ಉಳಿಯುತ್ತದೆ. ಮಗನನ್ನೋ ಗಂಡನನ್ನೋ ಕಳೆದುಕೊಂಡ ಮನೆಯವರಿಗೆ ಕೊಲೆಗಾರನ ಮುಪ್ಪು ಸಮಾಧಾನವಲ್ಲ. ವಯಸ್ಸು ತಪ್ಪನ್ನು ತೊಳೆಯುವುದಿಲ್ಲ. ವಯಸ್ಸಾದ ಮೇಲೆಯೇ ಅಪರಾಧ ಮಾಡಿದವರೂ ಇದ್ದಾರೆ. ಮುಪ್ಪಿನ ನೆಪದಲ್ಲಿ ಹಣವಂತರು, ಪ್ರಭಾವಿಗಳು ವೈದ್ಯರ ಚೀಟಿ ಹಿಡಿದು ಹೊರಬರುವ ಅಪಾಯವೂ ಇದೆ. ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಎರಡು ಸಂಗತಿಗಳು ಮುಖ್ಯವೆನಿಸುತ್ತವೆ. ವಯಸ್ಸು ಏರಿದಂತೆ ಅಪರಾಧ ಮಾಡುವ ಪ್ರಮಾಣ ಇಳಿಯುತ್ತದೆ ಎಂಬುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಎರಡನೆಯದಾಗಿ, ಸೆರೆಮನೆ ಇರುವುದು ಕಾವಲಿಗೆ, ಶುಶ್ರೂಷೆಗಲ್ಲ. ಜಪಾನಿನ ಕಾರಾಗೃಹಗಳಲ್ಲಿ ವೃದ್ಧರು ಹೆಚ್ಚಿ, ಅವರಿಗೆ ಊಟ ಮಾಡಿಸಲು, ಸ್ನಾನ ಮಾಡಿಸಲು ಆರೈಕೆಯ ಸಿಬ್ಬಂದಿಯನ್ನೇ ನೇಮಿಸಬೇಕಾಗಿ ಬಂದಿದೆ. ತಾನು ಎಲ್ಲಿದ್ದೇನೆ ಎಂಬುದನ್ನೇ ಮರೆತ ಮನುಷ್ಯನಿಗೆ ಬೀಗ ಯಾವ ಪಾಠ ಕಲಿಸೀತು? ನ್ಯಾಯಾಲಯ ಅವನಿಂದ ಕಸಿದದ್ದು ಸ್ವಾತಂತ್ರ್ಯವನ್ನು. ಎದ್ದು ನೀರು ಕುಡಿಯಲಾರದವನನ್ನು ನೋಡಿಕೊಳ್ಳುವವರಿಲ್ಲದೆ ಇಟ್ಟರೆ, ನ್ಯಾಯಾಧೀಶರು ಬರೆಯದ ಇನ್ನೊಂದು ಶಿಕ್ಷೆಯನ್ನು ನಾವು ಸೇರಿಸಿದಂತಾಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಎಲ್ಲರನ್ನೂ ಬಿಡಬೇಕಾಗಿಲ್ಲ. ಆದರೆ ಪ್ರತಿಯೊಬ್ಬ ವೃದ್ಧ, ಅಶಕ್ತ ಕೈದಿಯ ವಿಚಾರವನ್ನೂ, ಅವನು ಅರ್ಜಿ ಹಾಕಲಿ ಬಿಡಲಿ, ವರ್ಷದ ಯಾವ ದಿನವಾದರೂ ಯಾರಾದರೂ ನೋಡಲೇಬೇಕು. ನೋಡುವ ಅಧಿಕಾರಿಯ ಜೊತೆಗೆ ಸ್ವತಂತ್ರ ವೈದ್ಯರಿರಬೇಕು. ನೊಂದ ಮನೆಯವರ ಮಾತನ್ನು ಕೇಳಬೇಕು. ಬಿಟ್ಟರೂ ಬಿಡದಿದ್ದರೂ ಕಾರಣವನ್ನು ಬರೆದಿಡಬೇಕು. ಹಾಗೆ ಮಾಡಿದರೆ ಪ್ರಭಾವಿಯ ಚೀಟಿಯೂ ಪರೀಕ್ಷೆಗೆ ಒಳಗಾಗುತ್ತದೆ, ಯಾರೂ ಕೇಳುವವರಿಲ್ಲದ ಹಳ್ಳಿಯ ಮುದುಕನ ಹೆಸರೂ ಮೇಲೆ ಬರುತ್ತದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2024ರ ಡಿಸೆಂಬರ್‌ನಲ್ಲಿ ವೃದ್ಧ ಹಾಗೂ ಮರಣಾಂತಿಕ ಕಾಯಿಲೆಯ ಕೈದಿಗಳಿಗಾಗಿ ವಿಶೇಷ ಅಭಿಯಾನ ಆರಂಭಿಸಿತು. ಅಭಿಯಾನಕ್ಕೆ ಕೊನೆಯ ದಿನವಿರುತ್ತದೆ, ಹುದ್ದೆಗೆ ಇರುವುದಿಲ್ಲ. ಬೇಕಾಗಿರುವುದು ಹುದ್ದೆ.

ಇದಕ್ಕೂ ನಮ್ಮ ನಾಡಿನಲ್ಲೇ ಒಂದು ಎಚ್ಚರಿಕೆ ಇದೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ತೀರದ ಸನ್ನತಿಯಲ್ಲಿ ದೇವಿಯ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು 1980ರ ದಶಕದಲ್ಲಿ ಪತ್ತೆಯಾದವು. ಅವುಗಳಲ್ಲಿ ಒಂದು ನಗರದ ನ್ಯಾಯಾಧಿಕಾರಿಗಳಿಗೆ ಹೇಳಿದ್ದು. ಕಾರಣವಿಲ್ಲದೆ ಯಾರೂ ಸೆರೆಯನ್ನು, ಹಿಂಸೆಯನ್ನು ಅನುಭವಿಸಬಾರದು ಎನ್ನುವ ಆ ಶಾಸನ, ನ್ಯಾಯ ತಪ್ಪಿಸುವ ದೋಷಗಳನ್ನು ಪಟ್ಟಿ ಮಾಡುತ್ತದೆ: ಅಸೂಯೆ, ಕೋಪ, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ಆಯಾಸ. ಕೋಪ, ಕ್ರೌರ್ಯಗಳನ್ನು ನಾವು ಬೇಗ ಗುರುತಿಸುತ್ತೇವೆ. ಮೇಜಿನ ಮೇಲಿನ ಕಡತ ಅಲ್ಲೇ ಉಳಿಯುವುದು ಸಾಮಾನ್ಯವಾಗಿ ಕೊನೆಯ ಎರಡರಿಂದ.

ರಾಯಚೂರು ಸೀಮೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಮಸ್ಕಿಯ ಬಂಡೆಯನ್ನು ನೋಡಲು ಹೋದಾಗ 'ಅಶೋಕ' ಎಂಬ ಹೆಸರನ್ನು ಹುಡುಕಿ, ನೋಡಿ. ಆಮೇಲೆ ಸಣ್ಣವನೂ ಮೇಲೇರಬಲ್ಲ ಎಂಬ ಮಾತನ್ನು ನೆನಪಿಸಿಕೊಂಡು, ಕಲಬುರಗಿಯ ಅಥವಾ ಬಳ್ಳಾರಿಯ ಕೇಂದ್ರ ಕಾರಾಗೃಹದಲ್ಲಿ ಇರಬಹುದಾದ ಎಪ್ಪತ್ತೈದು ವರ್ಷದ ಕೈದಿಯೊಬ್ಬನ ವಿಚಾರವನ್ನು ನಿಮ್ಮ ತರಗತಿಯಲ್ಲಿ ಎತ್ತಿ. ಒಬ್ಬರು ಕೈದಿಯ ಪರ, ಒಬ್ಬರು ನೊಂದವರ ಪರ ಮಾತಾಡಲಿ. ಮೂರನೆಯವರು ಮಹಾಮಾತ್ರರಾಗಿ ಕುಳಿತು ಇಬ್ಬರ ಮಾತನ್ನೂ ಪೂರ್ತಿ ಕೇಳಿ, ತಮ್ಮ ತೀರ್ಮಾನವನ್ನು ಕಾರಣಸಹಿತ ಬರೆಯಲಿ. ಬರೆಯಲು ಕುಳಿತಾಗ ಗೊತ್ತಾಗುತ್ತದೆ, ಎರಡು ಸಾವಿರ ವರ್ಷಗಳ ಹಿಂದೆ ಈ ಕೆಲಸಕ್ಕೆ ಪ್ರತ್ಯೇಕ ಅಧಿಕಾರಿಯನ್ನು ಏಕೆ ನೇಮಿಸಬೇಕಾಯಿತು ಎಂದು.