ಕಿರಣ್‌ಜಿತ್ ಪ್ರಕರಣ: ಮನಸ್ಸಿನ ಗಾಯಕ್ಕೆ ಸಿಕ್ಕ ಸಾಕ್ಷಿ

ತ್ರಿವೇಣಿಯವರ 'ಶರಪಂಜರ'ದ ಕಾವೇರಿಯನ್ನು ನಮ್ಮಲ್ಲಿ ಮರೆತವರು ಕಡಿಮೆ. ಆಸ್ಪತ್ರೆಯಲ್ಲಿ ಗುಣವಾಗಿ ಬಂದವಳನ್ನು ಮನೆಯವರು ಹುಚ್ಚಿಯೆಂದೇ ನೋಡಿದರು. ಮನಸ್ಸಿನ ಗಾಯ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಮನೆಯವರೇ ನಂಬದಿದ್ದರೆ ನ್ಯಾಯಾಲಯ ನಂಬೀತೇ? ನಾವು ನೆಲೆಸಿರುವ ಈ ಇಂಗ್ಲೆಂಡಿನಲ್ಲಿ, ನಮ್ಮಂತೆಯೇ ಕಡಲು ದಾಟಿ ಬಂದ ಹೆಣ್ಣುಮಗಳೊಬ್ಬಳು ಈ ಪ್ರಶ್ನೆಗೆ ಉತ್ತರ ಪಡೆದ ಕಥೆಯನ್ನು ಈ ಬಾರಿ ನೆನೆಯೋಣ.

ಪಂಜಾಬಿನ ಕಿರಣ್‌ಜಿತ್ ಅಹ್ಲುವಾಲಿಯಾ 1979ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದರು. ಆಮೇಲೆ ಹತ್ತು ವರ್ಷ ಹೊಡೆತ, ಬೆದರಿಕೆ, ಬಲಾತ್ಕಾರ. ಕೋರ್ಟಿನಿಂದ ತಡೆಯಾಜ್ಞೆ ತಂದರೂ ಹಿಂಸೆ ನಿಲ್ಲಲಿಲ್ಲ. 1989ರ ಮೇ ತಿಂಗಳ ಒಂದು ರಾತ್ರಿ, ಮಲಗಿದ್ದ ಗಂಡನ ಹಾಸಿಗೆಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರು. ಕೆಲವು ದಿನಗಳಲ್ಲಿ ಆತ ತೀರಿಕೊಂಡ. ಅದೇ ಡಿಸೆಂಬರಿನಲ್ಲಿ ಲೂಯಿಸ್ ನ್ಯಾಯಾಲಯ ಅದನ್ನು ಕೊಲೆ ಎಂದು ತೀರ್ಮಾನಿಸಿ ಜೀವಾವಧಿ ಶಿಕ್ಷೆ ಕೊಟ್ಟಿತು. ಇಬ್ಬರು ಗಂಡುಮಕ್ಕಳು ಹೊರಗೆ, ತಾಯಿ ಒಳಗೆ.

ಇಲ್ಲಿನ ಕಾನೂನಿಗೆ 1949ರ ಡಫಿ ಪ್ರಕರಣವೇ ಅಳತೆಗೋಲು. ಕೆರಳಿಸಿದ ಕೋಪಕ್ಕೆ ರಿಯಾಯಿತಿ ಬೇಕಿದ್ದರೆ ಆ ಕೋಪ ಥಟ್ಟನೆ ಉಕ್ಕಿರಬೇಕು. ಆದರೆ ವರ್ಷಗಟ್ಟಲೆ ಪೆಟ್ಟು ತಿಂದ ಮನಸ್ಸು ಹಾಲಿನಂತೆ ಉಕ್ಕುವುದಿಲ್ಲ, ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಬೇಯುತ್ತದೆ. ಮೊದಲ ವಿಚಾರಣೆಯಲ್ಲಿ ಆಕೆಯ ಮನಸ್ಸಿನ ಸ್ಥಿತಿಯ ಬಗ್ಗೆ ವೈದ್ಯರ ಸಾಕ್ಷ್ಯವನ್ನು ಮಂಡಿಸಿರಲೇ ಇಲ್ಲ.

ಲಂಡನ್ನಿನ 'ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್' ಎಂಬ ಮಹಿಳಾ ಸಂಘಟನೆ ಆಕೆಯ ಬೆನ್ನಿಗೆ ನಿಂತಿತು. 1992ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ, ಕೋಪದ ವಾದವನ್ನು ಒಪ್ಪದಿದ್ದರೂ, ಆಕೆ ತೀವ್ರ ಖಿನ್ನತೆಯಲ್ಲಿದ್ದರೆಂಬ ಹೊಸ ವೈದ್ಯಕೀಯ ಸಾಕ್ಷ್ಯವನ್ನು ಪರಿಗಣಿಸಿ ಮರುವಿಚಾರಣೆಗೆ ಆದೇಶಿಸಿತು. ಸೆಪ್ಟೆಂಬರಿನಲ್ಲಿ ಕೊಲೆಯ ಆರೋಪ ನರಹತ್ಯೆಗೆ ಇಳಿಯಿತು. ವಿಧಿಸಿದ ಶಿಕ್ಷೆ 3 ವರ್ಷ 4 ತಿಂಗಳು. ಅಷ್ಟನ್ನೂ ಅದಾಗಲೇ ಅನುಭವಿಸಿದ್ದ ಕಿರಣ್‌ಜಿತ್ ಮನೆಗೆ ಹೊರಟರು.

ಕಾನೂನು ನಿಧಾನವಾಗಿ ಬದಲಾಯಿತು. 2010ರಲ್ಲಿ ಜಾರಿಗೆ ಬಂದ ಹೊಸ ನಿಯಮ 'ಥಟ್ಟನೆ' ಎಂಬ ಷರತ್ತನ್ನು ಕೈಬಿಟ್ಟಿತು. ಹೊಡೆಯದೆಯೂ ಸಂಗಾತಿಯನ್ನು ಹೆದರಿಸಿ ಹಿಡಿತದಲ್ಲಿಡುವುದು 2015ರ ಕಾಯ್ದೆಯಿಂದ ಅಪರಾಧವಾಯಿತು. ನಮ್ಮ ದೇಶದಲ್ಲಿ 1983ರ 498ಎ ವಿಧಿಯೇ ಕ್ರೌರ್ಯವನ್ನು ವಿವರಿಸುವಾಗ ಮಾನಸಿಕ ಆರೋಗ್ಯವನ್ನು ಹೆಸರಿಸಿತ್ತು. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಚುಚ್ಚುಮಾತನ್ನೂ ಹಿಂಸೆಯೆಂದಿತು. ಸಂಗಾತಿಯಿಂದ ಹಿಂಸೆಗೊಳಗಾದ ಮಹಿಳೆಯರಲ್ಲಿ ಖಿನ್ನತೆಯ ಸಾಧ್ಯತೆ ಸುಮಾರು ಎರಡು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿತು.

ಒಂದು ಜೀವ ಹೋದದ್ದನ್ನು ನಾವು ಸರಿಯೆನ್ನುತ್ತಿಲ್ಲ. ನಮ್ಮನ್ನು ಕಾಡುವುದು ಅದಕ್ಕೆ ಮುಂಚಿನ ಹತ್ತು ವರ್ಷ. ತವರು ಸಾವಿರಾರು ಮೈಲಿ ದೂರ. ಇಲ್ಲಿದ್ದವರಿಗೆ 'ಸಂಸಾರ ಅಂದಮೇಲೆ ಇದೆಲ್ಲ ಇದ್ದದ್ದೇ' ಎಂಬ ಸಮಾಧಾನ. ನಮ್ಮ ಯುಗಾದಿ ಕೂಟಕ್ಕೆ ತಪ್ಪದೆ ಬರುತ್ತಿದ್ದವಳು ಈಚೆಗೆ ಕಾಣಿಸುತ್ತಿಲ್ಲವೆಂದರೆ, 'ಹೇಗಿದ್ದೀಯಮ್ಮ?' ಎಂದು ವಿಚಾರಿಸಿ, ಉತ್ತರ ಕೇಳುವಷ್ಟು ಹೊತ್ತು ಫೋನ್ ಇಡದೆ ಕೂರೋಣ.