ಹಸಿವಿಗೆ ಒಡ್ಡಿದ ಉರುಳು

ಹಲಸು ಹಣ್ಣಾಗೋ ಕಾಲ ಬಂತು ಅಂದ್ರೆ ಮರಳವಾಡಿ ಸುತ್ತಮುತ್ತಲ ರೈತರ ಒಂದು ಕಣ್ಣು ತೋಟದ ಮೇಲೆ, ಇನ್ನೊಂದು ಕಾಡಿನ ಮೇಲೆ. ಮಗ್ಗುಲಲ್ಲೇ ಬನ್ನೇರುಘಟ್ಟದ ಕಾಡಿನ ಸೆರಗು. ಹಣ್ಣಿನ ವಾಸನೆ ಹಿಡಿದು ಕರಡಿ ಬರುತ್ತೆ. ರಾಗಿ ತೆನೆಗೆ ಆನೆ, ಕಡಲೆಕಾಯಿಗೆ ಹಂದಿ. ಬೆಳೆ ಕಳ್ಕೊಂಡವನ ಸಂಕಟ ಸ್ಟುಡಿಯೋದಲ್ಲಿ ಕೂತು ಮಾತಾಡೋ ನಮಗೆ ಪೂರ್ತಿ ಅರ್ಥ ಆಗಲ್ಲ, ಒಪ್ಪಿಕೊಳ್ತೀನಿ.

ಆದರೆ ವೀಕ್ಷಕರೇ, ಇವತ್ತು ನಾನು ಕೇಳ್ತಿರೋ ಪ್ರಶ್ನೆ ಬೇರೆ. ಹಸಿದ ಪ್ರಾಣಿಗೆ ಊಟ ತೋರಿಸಿ ಕೊಲ್ಲೋದನ್ನ ಬೇಟೆ ಅಂತ ಕರೀಬಹುದಾ?

ಸಾವಿರ ವರ್ಷ ಹಿಂದಕ್ಕೆ ಹೋಗೋಣ. ಚನ್ನಪಟ್ಟಣ ದಾಟಿದ್ರೆ ಮದ್ದೂರು, ಆ ತಾಲ್ಲೂಕಿನಲ್ಲೇ ಆತಕೂರು. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಕಾಲ, ಅಂದರೆ ಕ್ರಿ.ಶ. 949-50ರ ಸುಮಾರು. ಆ ಯುದ್ಧದಲ್ಲಿ ಹೋರಾಡಿದ ಮಣಲೆರ ಎಂಬ ವೀರನಿಗೆ ಗಂಗ ದೊರೆ ಬೂತುಗ, ಏನು ಬೇಕೋ ಕೇಳು ಅಂದ. ಮಣಲೆರ ಕೇಳಿದ್ದು ಚಿನ್ನವನ್ನಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನ! ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಕಾಳಿಯ ನೆನಪಿಗೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು, ಪೂಜೆಗೆ ಏರ್ಪಾಡು ಮಾಡಿದರು. ಆ ಶಾಸನ ಇವತ್ತು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅದೂ ಬೇಟೆಯೇ, ಅಲ್ಲೂ ರಕ್ತ ಹರಿದಿದೆ. ಆದರೆ ಆ ಹಂದಿಗೆ ಎದುರಾಳಿ ಕಣ್ಣಿಗೆ ಕಾಣ್ತಿತ್ತು. ತಿರುಗಿ ಬೀಳೋ ಅವಕಾಶ ಇತ್ತು.

ಹಾಗಂತ ಆಮಿಷ ಒಡ್ಡೋದು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಯ ಬಗೆಗಳ ಜೊತೆಗೆ ಮೀನಿಗೆ ಎಂಥ ಎರೆ ಹಾಕಬೇಕು ಅನ್ನೋದೂ ಇದೆ. ಬ್ರಿಟಿಷರ ಕಾಲದ ಶಿಕಾರಿಗಳು ಗೂಟಕ್ಕೆ ಮೇಕೆ ಕಟ್ಟಿ ಮಚಾನಿನ ಮೇಲೆ ಕೂತರು. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನ ಓದಿದವರಿಗೆ ಆ ರಾತ್ರಿಗಳು ಗೊತ್ತು. ಮಾಗಡಿ ಚಿರತೆಯ ಕತೆಯೂ ಅದರಲ್ಲಿದೆ.

ಇದು ನಮ್ಮೂರಿನ ಚರ್ಚೆ ಮಾತ್ರವೂ ಅಲ್ಲ. ಅಮೆರಿಕದಲ್ಲಿ ಕಪ್ಪು ಕರಡಿಯನ್ನ ಮಾಂಸಕ್ಕಾಗಿ ಲೈಸೆನ್ಸ್ ಪಡೆದು ಬೇಟೆಯಾಡ್ತಾರೆ. ಕೆಲವು ರಾಜ್ಯಗಳಲ್ಲಿ ಕಾಡಿನಲ್ಲಿ ಡ್ರಮ್ ಇಟ್ಟು, ಅದಕ್ಕೆ ಮಿಕ್ಕ ಬೇಕರಿ ತಿಂಡಿ ಸುರಿದು ಕಾಯ್ತಾರೆ. ಕೊಲರಾಡೊ ಜನ 1992ರಲ್ಲಿ ಮತ ಹಾಕಿ ಇದನ್ನ ನಿಲ್ಲಿಸಿದರು. ಮೇನ್ ರಾಜ್ಯದಲ್ಲಿ 2004ರಲ್ಲಿ, ಮತ್ತೆ 2014ರಲ್ಲಿ ಮತಕ್ಕೆ ಹಾಕಿದರು. ಎರಡು ಸಲವೂ ನಿಷೇಧ ಸೋತಿತು. ಆಮಿಷದ ಪರ ಇರೋರ ವಾದ ಏನು? ದಟ್ಟ ಕಾಡಿನಲ್ಲಿ ಕರಡಿ ಕಾಣಲ್ಲ. ಆಮಿಷ ಇಟ್ಟರೆ ಬೇಟೆಗಾರ ನಿಧಾನವಾಗಿ ನೋಡಬಹುದು. ಮರಿ ಜೊತೆಗಿರೋ ತಾಯಿಯಾದರೆ ಬಿಡಬಹುದು, ಹೊಡೆದರೆ ಒಂದೇ ಗುಂಡಿಗೆ ಮುಗಿಸಬಹುದು. ಒಪ್ಪೋದು ಬಿಡೋದು ಬೇರೆ, ಅದೊಂದು ವಾದವಂತೂ ಹೌದು.

ಈಗ ನಮ್ಮ ಹೊಲದ ಬದುವಿಗೆ ಬನ್ನಿ. ಹಂದಿ ಮಾಂಸದ ಆಸೆಗೋ, ಬೆಳೆ ಉಳಿಸೋಕೋ ಕೆಲವರು ಸಿಡಿಮದ್ದನ್ನ ತಿನ್ನೋ ಪದಾರ್ಥದಲ್ಲಿ ಸುತ್ತಿ ಇಡ್ತಾರೆ. ಇನ್ನು ಕೆಲವರು ಬೈಕಿನ ಬ್ರೇಕ್ ವೈರಿನಲ್ಲಿ ಉರುಳು ಹಾಕ್ತಾರೆ. ಇಟ್ಟವನು ಮನೆಗೆ ಹೋಗಿ ಮಲಗ್ತಾನೆ. ಅಲ್ಲಿ ಕಾಯೋ ಕಣ್ಣಿಲ್ಲ, ತಾಯಿಯೋ ಮರಿಯೋ ಅಂತ ನೋಡೋರಿಲ್ಲ, ಬಿಟ್ಟುಬಿಡೋ ಮನಸ್ಸೂ ಇಲ್ಲ. ಹಂದಿಗೆ ಇಟ್ಟ ಮದ್ದು ಹಂದಿಯನ್ನೇ ಹುಡುಕಿಕೊಂಡು ಹೋಗುತ್ತಾ? ಮೇಯೋಕೆ ಹೋದ ಹಸು ಕಚ್ಚಿದರೆ ದವಡೆ ಛಿದ್ರ. ಮೂಗಿನಲ್ಲೇ ಊಟ ಹುಡುಕೋ ಕರಡಿ ಸಿಕ್ಕಿಕೊಂಡರೆ ಅದರದೂ ಅದೇ ಗತಿ. 2020ರ ಮೇ ತಿಂಗಳಲ್ಲಿ ಕೇರಳದಲ್ಲಿ ಬಾಯಿ ಸಿಡಿದ ಗಬ್ಬದ ಆನೆ ನದಿಯಲ್ಲಿ ನಿಂತೇ ಪ್ರಾಣ ಬಿಟ್ಟಿದ್ದನ್ನ ಮರೆತುಬಿಟ್ರಾ? ಅಮೆರಿಕದವರು ಆಮಿಷಕ್ಕೆ ಕೊಡೋ ಆ ಒಂದು ಸಮರ್ಥನೆಯೂ ನಮ್ಮ ಮದ್ದಿನ ಉಂಡೆಗೆ ಇಲ್ಲ.

ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗುಂಡು ಹಾರಿಸೋದು ಮಾತ್ರ ಬೇಟೆಯಲ್ಲ. ಉರುಳು ಹಾಕೋದು, ವಿಷ ಇಡೋದು, ಆಮಿಷ ಒಡ್ಡೋದು, ಅದಕ್ಕೆ ಪ್ರಯತ್ನಪಡೋದು ಕೂಡ ಬೇಟೆಯೇ. ನಮ್ಮ ಕರಡಿ ಮೊದಲನೇ ಪರಿಶಿಷ್ಟದಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು. ಎದುರಿಗೆ ಬಂದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳೋಕೆ ಹೊಡೆದರೆ ಅಪರಾಧ ಅಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತೆ. ನೋಡಿ, ಕಾನೂನಿಗೂ ಎದುರಾಬದುರು ನಿಂತ ಹೋರಾಟಕ್ಕೂ ಕದ್ದು ಇಟ್ಟ ಉರುಳಿಗೂ ವ್ಯತ್ಯಾಸ ಗೊತ್ತಿದೆ.

ಸರ್ಕಾರಕ್ಕೂ ಒಂದು ಮಾತು. ಬೆಳೆ ಪರಿಹಾರಕ್ಕೆ ರೈತನನ್ನ ಕಚೇರಿಯಿಂದ ಕಚೇರಿಗೆ ಅಲೆಸಿ, ಆಮೇಲೆ ಅವನಿಗೆ ಪ್ರಾಣಿದಯೆ ಬೋಧಿಸಿದರೆ ಯಾರು ಕೇಳ್ತಾರೆ? ಪರಿಹಾರ ಹೊತ್ತಿಗೆ ಸರಿಯಾಗಿ ಬರಲಿ, ಬೇಲಿ ಗಟ್ಟಿಯಾಗಲಿ. ಆಗ ಮದ್ದು ಇಡೋನಿಗೆ ನೆಪ ಇರಲ್ಲ.

ನಾಯಿಗೂ ಕಲ್ಲು ನೆಟ್ಟು ಗೌರವ ಕೊಟ್ಟ ನೆಲ ಇದು. ರಾತ್ರಿ ಬದುವಿನಲ್ಲಿ ಮದ್ದು ಇಟ್ಟು ಬಂದವನು, ಬೆಳಗ್ಗೆ ಅಲ್ಲಿ ಸತ್ತು ಬಿದ್ದಿರೋದು ಏನು ಅಂತ ನೋಡೋಕೆ ಹೋಗಬೇಕಲ್ಲ, ಆ ಹತ್ತು ಹೆಜ್ಜೆ ನಡೆಯುವಾಗ ಅವನ ಎದೆಯಲ್ಲಿ ಏನಿರುತ್ತೆ? ಶೌರ್ಯವಂತೂ ಅಲ್ಲ.