ಕೋವಿಡ್ ನಂತರದ ಅರಿವಿನ ತೊಂದರೆಗಳಿಗೆ ಮೆದುಳು ಪ್ರಚೋದನ ಚಿಕಿತ್ಸೆ

ಮೆದುಳು ಪ್ರಚೋದನ ಚಿಕಿತ್ಸೆಯು ಶಸ್ತ್ರಕ್ರಿಯೆಯಿಲ್ಲದೆ, ತಲೆಯ ಹೊರಗಿನಿಂದ ವಿದ್ಯುತ್ ಅಥವಾ ಕಾಂತಶಕ್ತಿಯ ಮೂಲಕ ನರಕೋಶಗಳ ಚಟುವಟಿಕೆಯನ್ನು ಮಾರ್ಪಡಿಸುವ ವಿಧಾನವಾಗಿದೆ. ಕೋವಿಡ್-19 ವಾಸಿಯಾದ ಮೇಲೂ ಕೆಲವರಲ್ಲಿ ಉಳಿಯುವ ಮರೆವು, ಏಕಾಗ್ರತೆಯ ಕೊರತೆ ಮತ್ತು ಯೋಚನೆಯ ನಿಧಾನಗತಿಗೆ ಇದನ್ನು ಪ್ರಯೋಗಿಸಿ ನೋಡಲಾಗಿದೆ.

ವಿಧಾನಗಳು

ನೇರ ವಿದ್ಯುತ್ ಪ್ರಚೋದನೆಯಲ್ಲಿ (ಟಿಡಿಸಿಎಸ್) ಸಾಮಾನ್ಯವಾಗಿ 1ರಿಂದ 2 ಮಿಲಿಆಂಪಿಯರ್ ವಿದ್ಯುತ್ತನ್ನು 20ರಿಂದ 30 ನಿಮಿಷ ಹರಿಸಲಾಗುತ್ತದೆ. ಕಾಂತೀಯ ಪ್ರಚೋದನೆಯಲ್ಲಿ (ಟಿಎಂಎಸ್) ತಲೆಯ ಬಳಿ ಇರಿಸಿದ ಸುರುಳಿಯಿಂದ ಕಾಂತೀಯ ಸ್ಪಂದನಗಳನ್ನು ನೀಡಲಾಗುತ್ತದೆ. ಮೂರ್ಛೆರೋಗವುಳ್ಳವರಿಗೆ ಹಾಗೂ ತಲೆಯಲ್ಲಿ ಲೋಹದ ಸಾಧನವಿರುವವರಿಗೆ ಇದು ಅಪಾಯಕಾರಿಯಾಗಬಹುದು.

ಪರಿಣಾಮ

ಅಮೆರಿಕದಲ್ಲಿ 328 ಮಂದಿಯನ್ನು ಒಳಗೊಂಡ ಪ್ರಯೋಗದ ಫಲಿತಾಂಶವು 2025ರಲ್ಲಿ ಪ್ರಕಟವಾಯಿತು. ಗಣಕಯಂತ್ರದ ಅಭ್ಯಾಸದೊಂದಿಗೆ ಟಿಡಿಸಿಎಸ್ ಪಡೆದವರು ಹೋಲಿಕೆಯ ಗುಂಪಿನವರಿಗಿಂತ ಹೆಚ್ಚು ಸುಧಾರಿಸಲಿಲ್ಲ. ಹೀಗಾಗಿ ಈ ತೊಂದರೆಗಳಿಗೆ ಇದು ದೃಢಪಟ್ಟ ಚಿಕಿತ್ಸೆಯಲ್ಲ.

ವಿಜಯನಗರ ಜಿಲ್ಲೆಯಲ್ಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. 1980ರ ದಶಕದಲ್ಲಿ ಈ ಪ್ರದೇಶವು ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳ ಕುರಿತು ತರಬೇತಿ ನೀಡಿತು. ಈ ಬಳ್ಳಾರಿ ಮಾದರಿಯೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು.

ಪ್ರಚೋದನ ಚಿಕಿತ್ಸೆಯ ಸೌಲಭ್ಯವು ನಿಮ್ಹಾನ್ಸ್‌ನಲ್ಲಿದೆ. ಇದಕ್ಕೆ ಹಲವು ದಿನ ಹಾಜರಾಗಬೇಕಾದುದರಿಂದ ದೂರದ ತಾಲ್ಲೂಕುಗಳ ರೋಗಿಗಳಿಗೆ ಪ್ರಯಾಣ, ವಸತಿ ಮತ್ತು ಕೂಲಿನಷ್ಟದ ಹೊರೆ ಬೀಳುತ್ತದೆ. ರಕ್ತಹೀನತೆ, ಥೈರಾಯ್ಡ್ ದೋಷ, ಬಿ12 ಕೊರತೆ, ನಿದ್ರಾಹೀನತೆ ಮತ್ತು ಖಿನ್ನತೆಯಿಂದಲೂ ಇಂತಹ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಇವುಗಳ ಪ್ರಾಥಮಿಕ ತಪಾಸಣೆಯನ್ನು ಸ್ಥಳೀಯ ವೈದ್ಯರಲ್ಲಿಯೇ ಆರಂಭಿಸಬಹುದಾಗಿದೆ.